ಪ್ರವೇಶ ಪರೀಕ್ಷೆಯ ಪಾಠಕ್ಕೆ ಬೋಧಕರ ಆಯ್ಕೆ: ವರ್ತಕರ ವಿವೇಕ ಇಲ್ಲೇಕೆ ಮರೆಯಾಗುತ್ತದೆ?

ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದ ಕೆಲವೇ ದಿನಗಳಲ್ಲಿ ನಮ್ಮ ವರ್ತಕ ಹಾಗೂ ಸಣ್ಣ ಕೈಗಾರಿಕೋದ್ಯಮಿಗಳ ಕುಟುಂಬಗಳಲ್ಲಿ ಒಂದು ದೊಡ್ಡ ಖರ್ಚಿನ ತೀರ್ಮಾನ ನಡೆದುಹೋಗುತ್ತದೆ. ಮಕ್ಕಳನ್ನು ಪಿಯುಸಿ ವಿಜ್ಞಾನ ವಿಭಾಗಕ್ಕೆ ಸೇರಿಸುವುದು, ಅದರೊಡನೆ ಸಿಇಟಿ, ನೀಟ್ ಅಥವಾ ಜೆಇಇ ತಯಾರಿಗೆಂದು ಪ್ರತ್ಯೇಕ ಪಾಠವನ್ನು ಗೊತ್ತುಮಾಡುವುದು. ಲೆಕ್ಕಪತ್ರ ಪರಿಶೋಧನೆಯ ವೃತ್ತಿಯಲ್ಲಿರುವ ಕಾರಣ, ಈ ತೀರ್ಮಾನ ಎಷ್ಟು ಆತುರದಲ್ಲಿ ಆಗುತ್ತದೆ ಎಂಬುದನ್ನು ಪ್ರತಿವರ್ಷವೂ ಕಾಣುತ್ತಿದ್ದೇನೆ.

ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಖರೀದಿಸುವ ವರ್ತಕನು ಬಣ್ಣ ಮತ್ತು ತೇವಾಂಶವನ್ನು ನೋಡದೆ ದರ ಬರೆಯುವುದಿಲ್ಲ. ಹೊಸ ಸರಬರಾಜುದಾರನಿಗೆ ಮೊದಲ ದಿನವೇ ಇಡೀ ವರ್ಷದ ಹಣವನ್ನು ಮುಂಗಡವಾಗಿ ಕೊಡುವ ಕಾರ್ಖಾನೆದಾರನೂ ಇಲ್ಲ. ಅದೇ ವ್ಯಕ್ತಿ ಮಗನ ಪಾಠದ ವಿಷಯದಲ್ಲಿ ಜಾಹೀರಾತಿನ ಫಲಕವೊಂದನ್ನು ನೋಡಿ, ಪಕ್ಕದ ಅಂಗಡಿಯವರ ಮಾತನ್ನು ಕೇಳಿ, ಎರಡು ವರ್ಷದ ಶುಲ್ಕವನ್ನು ಒಮ್ಮೆಗೇ ಪಾವತಿಸಿ ಬರುತ್ತಾನೆ. ವಿದ್ಯೆಯನ್ನು ಸರಕಿಗೆ ಹೋಲಿಸುವುದು ನನ್ನ ಉದ್ದೇಶವಲ್ಲ. ಆದರೆ ಹಣ ಪಡೆದು ಪಾಠ ಹೇಳುವುದು ಒಂದು ಸೇವೆ. ಸೇವೆಯನ್ನು ಪಡೆಯುವಾಗ ವಹಿಸಬೇಕಾದ ಎಚ್ಚರ ಇಲ್ಲಿಯೂ ಅಗತ್ಯ ಎಂಬುದಷ್ಟೇ ನನ್ನ ವಾದ.

ಮೊದಲು ಪರೀಕ್ಷೆಯನ್ನು ತಿಳಿಯೋಣ

ಎಲ್ಲ ಪ್ರವೇಶ ಪರೀಕ್ಷೆಗಳೂ ಒಂದೇ ಎಂಬ ಭಾವನೆ ಪೋಷಕರಲ್ಲಿ ವ್ಯಾಪಕವಾಗಿದೆ. ಇದು ಸರಿಯಲ್ಲ. 1994ರಿಂದ ನಮ್ಮ ರಾಜ್ಯದಲ್ಲಿ ನಡೆದುಬಂದಿರುವ ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ನೀಟ್ ಪರೀಕ್ಷೆಯಲ್ಲಿ 180 ಪ್ರಶ್ನೆಗಳಿಗೆ 720 ಅಂಕ. ಸರಿ ಉತ್ತರಕ್ಕೆ 4 ಅಂಕ ದೊರೆತರೆ ತಪ್ಪು ಉತ್ತರಕ್ಕೆ 1 ಅಂಕ ಕಡಿತವಾಗುತ್ತದೆ. ಪ್ರಶ್ನೆಗಳಲ್ಲಿ ಅರ್ಧದಷ್ಟು ಜೀವಶಾಸ್ತ್ರಕ್ಕೆ ಸೇರಿದವು. ಜೆಇಇ ಮುಖ್ಯ ಪರೀಕ್ಷೆಯಲ್ಲಿ 3 ಗಂಟೆಗೆ ಕೇವಲ 75 ಪ್ರಶ್ನೆಗಳು. ಮೊದಲನೆಯದು ವೇಗವನ್ನು ಬೇಡುತ್ತದೆ, ಎರಡನೆಯದು ನಿಖರತೆಯನ್ನು, ಮೂರನೆಯದು ಆಳವಾದ ಗಣಿತವನ್ನು. ಒಂದಕ್ಕೆ ಸಮರ್ಥರಾದ ಬೋಧಕರು ಇನ್ನೊಂದಕ್ಕೂ ಸಮರ್ಥರೆಂದು ಭಾವಿಸಬೇಕಿಲ್ಲ.

ಇನ್ನೊಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕ್ ನಿರ್ಧಾರದಲ್ಲಿ ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ ಹಾಗೂ ಗಣಿತದ ಅಂಕಗಳಿಗೆ ಶೇ. 50, ಸಿಇಟಿ ಅಂಕಗಳಿಗೆ ಶೇ. 50 ತೂಕವಿದೆ. ಹೀಗಿರುವಾಗ, ಕಾಲೇಜಿನ ತರಗತಿಯನ್ನು ಬಿಟ್ಟು ಪ್ರವೇಶ ಪರೀಕ್ಷೆಯ ಪಾಠಕ್ಕೆ ಮಾತ್ರ ಬನ್ನಿ ಎಂದು ಹೇಳುವ ಬೋಧಕರು ನಮ್ಮ ಮಕ್ಕಳ ಅರ್ಧ ಬಂಡವಾಳವನ್ನು ಕಡೆಗಣಿಸುತ್ತಿದ್ದಾರೆ ಎಂದೇ ಅರ್ಥ. ಪಠ್ಯದ ವ್ಯಾಪ್ತಿಯೂ ಮುಖ್ಯ. 2024ರ ಏಪ್ರಿಲ್ ತಿಂಗಳ ಸಿಇಟಿಯಲ್ಲಿ ಪಠ್ಯಕ್ರಮದಿಂದ ಕೈಬಿಟ್ಟಿದ್ದ ಭಾಗದ ಪ್ರಶ್ನೆಗಳು ಬಂದು, ಅಂಥ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಹೊರಗಿಡಬೇಕಾಯಿತು. ಯಾವ ಅಧ್ಯಾಯ ಉಳಿದಿದೆ, ಯಾವುದನ್ನು ಕೈಬಿಡಲಾಗಿದೆ ಎಂಬುದನ್ನು ಬೋಧಕರು ತಡೆಯಿಲ್ಲದೆ ಹೇಳಬಲ್ಲವರಾಗಿರಬೇಕು.

ಕೋಚಿಂಗ್ ಕೇಂದ್ರವೋ, ಮನೆಪಾಠವೋ?

ದೊಡ್ಡ ಕೇಂದ್ರಗಳ ಪರವಾಗಿ ಹೇಳುವ ಮಾತುಗಳಲ್ಲಿ ಹುರುಳಿಲ್ಲದಿಲ್ಲ. ಅಲ್ಲಿ ಸ್ಪರ್ಧೆಯ ವಾತಾವರಣವಿದೆ, ಕ್ರಮಬದ್ಧ ಮಾದರಿ ಪರೀಕ್ಷೆಗಳಿವೆ, ಸಾವಿರಾರು ವಿದ್ಯಾರ್ಥಿಗಳ ನಡುವೆ ತನ್ನ ಸ್ಥಾನವೆಲ್ಲಿ ಎಂಬುದನ್ನು ಮಗು ತಿಳಿಯಬಹುದು. ಆದರೆ ಎಂಬತ್ತು ಮಂದಿ ಕುಳಿತ ಕೊಠಡಿಯಲ್ಲಿ ಹಿಂದಿನ ಬೆಂಚಿನ ವಿದ್ಯಾರ್ಥಿಗೆ ಎಲ್ಲಿ ಎಡವುತ್ತಿದೆ ಎಂಬುದನ್ನು ಯಾರೂ ಕಂಡುಹಿಡಿಯಲಾರರು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯಲ್ಲಿ ಒಮ್ಮೆಲೇ ಇಂಗ್ಲಿಷ್ ಪಠ್ಯಕ್ಕೆ ಹೊರಳುವ ನಮ್ಮ ಊರುಗಳ ಮಕ್ಕಳಿಗೆ ಈ ಕೊರತೆ ಹೆಚ್ಚು ಬಾಧಿಸುತ್ತದೆ. ಅರ್ಥವಾಗದ್ದನ್ನು ಕನ್ನಡದಲ್ಲಿ ಕೇಳಿ, ಉತ್ತರವನ್ನು ಇಂಗ್ಲಿಷಿನಲ್ಲಿ ಬರೆಯುವವರೆಗೆ ಜೊತೆಗಿರುವ ಬೋಧಕರು ಅವರಿಗೆ ಬೇಕು.

ಖರ್ಚಿನ ಲೆಕ್ಕವನ್ನೂ ನೋಡೋಣ. ಉದಾಹರಣೆಗೆ ಒಂದು ಕೇಂದ್ರದ ವಾರ್ಷಿಕ ಶುಲ್ಕ ರೂ. 1,20,000 ಎಂದಿಟ್ಟುಕೊಳ್ಳೋಣ. ಶೇ. 18 ಜಿಎಸ್‌ಟಿ ಸೇರಿ ಅದು ರೂ. 1,41,600 ಆಗುತ್ತದೆ. ವಾರಕ್ಕೆ 12 ಗಂಟೆಯಂತೆ 40 ವಾರ ಪಾಠ ನಡೆದರೆ ಒಟ್ಟು 480 ಗಂಟೆ. ಅಂದರೆ ಗಂಟೆಗೆ ರೂ. 295. ಇದಕ್ಕೆ ಬದಲಾಗಿ ನಾಲ್ಕು ಕುಟುಂಬಗಳು ಕೂಡಿ, ಗಂಟೆಗೆ ರೂ. 800 ಕೊಟ್ಟು ಒಬ್ಬ ಅನುಭವಿ ಉಪನ್ಯಾಸಕರನ್ನು ಗೊತ್ತುಮಾಡಿದರೆ ಪ್ರತಿ ಮಗುವಿಗೆ ಬೀಳುವ ಖರ್ಚು ಗಂಟೆಗೆ ರೂ. 200. ಮಗು ದುರ್ಬಲವಾಗಿರುವ ಒಂದೆರಡು ವಿಷಯಗಳಿಗೆ ಮಾತ್ರ ವಾರಕ್ಕೆ 6 ಗಂಟೆಯ ಪಾಠವಿದ್ದರೆ ವರ್ಷಕ್ಕೆ ರೂ. 48,000 ಸಾಕು. ಊರೂರಿಗೆ ದರ ಬೇರೆಯಾಗಬಹುದು. ಲೆಕ್ಕ ಹಾಕುವ ಕ್ರಮ ಇದೇ. ನನ್ನ ಅಭಿಪ್ರಾಯದಲ್ಲಿ, ಪಾಠವನ್ನು ಹತ್ತಿರದ ಬೋಧಕರಿಂದ ಪಡೆದು, ಮಾದರಿ ಪರೀಕ್ಷೆಗಳನ್ನು ಮಾತ್ರ ದೊಡ್ಡ ಸಂಸ್ಥೆಯಿಂದ ಪಡೆಯುವುದು ಹೆಚ್ಚಿನ ಮಕ್ಕಳಿಗೆ ಹೊಂದುವ ವ್ಯವಸ್ಥೆ. ಕೇಂದ್ರ ಶಿಕ್ಷಣ ಸಚಿವಾಲಯದ ಆಶ್ರಯದಲ್ಲಿ ಐಐಟಿ ಕಾನ್ಪುರ 2023ರಲ್ಲಿ ಆರಂಭಿಸಿದ ‘ಸಾಥೀ’ ಎಂಬ ಉಚಿತ ಅಂತರ್ಜಾಲ ವ್ಯವಸ್ಥೆಯೂ ಅಭ್ಯಾಸಕ್ಕೆ ಒದಗುತ್ತದೆ.

ಬೋಧಕರನ್ನು ಪರಿಶೀಲಿಸುವ ಬಗೆ

ಬೋಧಕರನ್ನು ಗೊತ್ತುಮಾಡುವ ಮುನ್ನ ನಾಲ್ಕು ವಿಷಯಗಳನ್ನು ನೇರವಾಗಿ ಕೇಳಬೇಕು. ಅವರ ಪದವಿ ಯಾವ ವಿಷಯದಲ್ಲಿ? ಕಳೆದ ಮೂರು ವರ್ಷಗಳಲ್ಲಿ ಯಾವ ಪರೀಕ್ಷೆಗೆ ಪಾಠ ಹೇಳಿದ್ದಾರೆ? ಒಟ್ಟು ಎಷ್ಟು ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ ಸೀಟು ದೊರೆಯಿತು? ಮಧ್ಯದಲ್ಲಿ ಬಿಟ್ಟುಹೋದವರು ಎಷ್ಟು? ಮೂರನೆಯ ಪ್ರಶ್ನೆಯಲ್ಲಿ ‘ಒಟ್ಟು’ ಎಂಬ ಪದವೇ ಮುಖ್ಯ. ಲಾಭದ ವ್ಯವಹಾರಗಳನ್ನು ಮಾತ್ರ ತೋರಿಸಿ ನಷ್ಟದ ಪುಟವನ್ನು ಮುಚ್ಚಿಟ್ಟ ಲೆಕ್ಕವನ್ನು ಯಾವ ಬ್ಯಾಂಕೂ ಒಪ್ಪುವುದಿಲ್ಲ. ಹತ್ತು ಮಂದಿಯ ಭಾವಚಿತ್ರವಿರುವ ಜಾಹೀರಾತು ಅಂಥದೇ ಲೆಕ್ಕ.

ತರುವಾಯ ಎರಡು ವಾರ ಪ್ರಾಯೋಗಿಕ ಪಾಠ ನಡೆಯಲಿ. ಮಗುವಿಗೆ ಅರ್ಥವಾಗದಿದ್ದ ಒಂದು ಅಧ್ಯಾಯವನ್ನೇ ಆರಿಸಿ ಕೊಡಿ. ಪಾಠದ ಮೊದಲು ಮತ್ತು ನಂತರ ಅದೇ ಅಧ್ಯಾಯದ ಹಳೆಯ ಪ್ರಶ್ನೆಗಳನ್ನು ಬಿಡಿಸಿದರೆ ಫಲ ತಾನೇ ಕಾಣುತ್ತದೆ. ಪಾಲಕರಿಗೆ ವಿಷಯ ತಿಳಿಯದಿದ್ದರೂ ಅಂಕಿ ತಿಳಿಯುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ ಮಗುವಿನ ಮಾತನ್ನು ಕೇಳಬೇಕು. ಸಂದೇಹ ಕೇಳಿದಾಗ ಗದರಿಸುವವರು ಎಷ್ಟೇ ಪಂಡಿತರಾಗಿದ್ದರೂ ಪ್ರಯೋಜನವಿಲ್ಲ.

ಮಗು ಓದುತ್ತಿರುವ ಕಾಲೇಜಿನ ಉಪನ್ಯಾಸಕರನ್ನೇ ಮನೆಪಾಠಕ್ಕೆ ಗೊತ್ತುಮಾಡುವ ರೂಢಿಯೊಂದಿದೆ. ಇದು ಸಲ್ಲದು. ಸರ್ಕಾರಿ ಕಾಲೇಜಿನವರಿಗೆ ನಡತೆ ನಿಯಮಗಳ ಅಡ್ಡಿಯಿರುತ್ತದೆ ಎಂಬುದು ಒಂದು ಕಾರಣ; ತರಗತಿಯಲ್ಲಿ ಹೇಳಬೇಕಾದುದನ್ನು ಮನೆಪಾಠಕ್ಕೆಂದು ಉಳಿಸಿಕೊಳ್ಳುವ ಆಮಿಷ ಇನ್ನೊಂದು. ತಾನೇ ಬರೆದ ಲೆಕ್ಕವನ್ನು ತಾನೇ ಪರಿಶೋಧಿಸಬಾರದೆಂಬುದು ನಮ್ಮ ವೃತ್ತಿಯ ಮೂಲನಿಯಮ. ಅದರ ಹಿಂದಿರುವ ತರ್ಕ ಇಲ್ಲಿಗೂ ಅನ್ವಯಿಸುತ್ತದೆ. ನಿವೃತ್ತ ಉಪನ್ಯಾಸಕರು, ಸ್ನಾತಕೋತ್ತರ ಪದವಿ ಪಡೆದು ಊರಿನಲ್ಲಿಯೇ ಇರುವ ಯುವಕ ಯುವತಿಯರು ನಮ್ಮ ಸಣ್ಣ ಪಟ್ಟಣಗಳಲ್ಲಿಯೂ ದೊರೆಯುತ್ತಾರೆ. ಹುಡುಕುವ ಶ್ರಮ ನಮ್ಮದಾಗಬೇಕು.

ಪಾವತಿ, ರಸೀದಿ ಮತ್ತು ತೆರಿಗೆ

ಶುಲ್ಕವನ್ನು ತಿಂಗಳಿಗೊಮ್ಮೆ, ಹೆಚ್ಚೆಂದರೆ ಮೂರು ತಿಂಗಳಿಗೊಮ್ಮೆ ಕೊಡಿ. ಇಡೀ ಅವಧಿಯ ಹಣವನ್ನು ಮುಂಗಡವಾಗಿ ಕೊಟ್ಟವನು ಭದ್ರತೆಯಿಲ್ಲದ ಸಾಲಗಾರರ ಸಾಲಿನ ಕೊನೆಯಲ್ಲಿ ನಿಲ್ಲುತ್ತಾನೆ. 2025ರ ಜನವರಿಯಲ್ಲಿ ದೆಹಲಿ, ನೋಯ್ಡಾ, ಗಾಜಿಯಾಬಾದ್ ಮುಂತಾದೆಡೆ ರಾಷ್ಟ್ರಮಟ್ಟದ ಸಂಸ್ಥೆಯೊಂದರ ಹಲವು ಕೇಂದ್ರಗಳು ಪರೀಕ್ಷೆಯ ಹೊಸ್ತಿಲಲ್ಲಿ ಬಾಗಿಲು ಮುಚ್ಚಿದಾಗ, ಪೂರ್ಣ ಶುಲ್ಕ ಕಟ್ಟಿದ್ದ ಪೋಷಕರು ಪೊಲೀಸ್ ಠಾಣೆಗೆ ಅಲೆಯಬೇಕಾಯಿತು. ಕಂತಿನ ಸೌಲಭ್ಯವೆಂದು ಹೇಳಿ ಸಹಿ ಹಾಕಿಸಿಕೊಳ್ಳುವ ಕಾಗದವನ್ನೂ ಓದಿರಿ. ಅದು ಸಂಸ್ಥೆಗೆ ಕೊಡುವ ಕಂತಾಗಿರದೆ ಹಣಕಾಸು ಕಂಪನಿಯಿಂದ ನಿಮ್ಮ ಹೆಸರಿನಲ್ಲಿ ಪಡೆದ ಸಾಲವಾಗಿದ್ದರೆ, ಪಾಠ ನಿಂತರೂ ಕಂತು ತಾನಾಗಿ ನಿಲ್ಲುವುದಿಲ್ಲ.

ವಾಣಿಜ್ಯ ಸ್ವರೂಪದ ಕೋಚಿಂಗ್ 2003ರ ಜುಲೈ 1ರಿಂದ ಸೇವಾ ತೆರಿಗೆಗೆ ಒಳಪಟ್ಟಿತ್ತು. 2017ರಿಂದ ಜಿಎಸ್‌ಟಿಗೆ ಒಳಪಟ್ಟಿದೆ. ಹೇಳಿದ ಶುಲ್ಕದಲ್ಲಿ ತೆರಿಗೆ ಸೇರಿದೆಯೇ ಎಂದು ಮೊದಲೇ ಕೇಳಿ. ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರದ ಮನೆಪಾಠದ ಬೋಧಕರಿಗೆ ಸಾಮಾನ್ಯವಾಗಿ ನೋಂದಣಿ ಅಗತ್ಯವಿಲ್ಲ. ನೋಂದಣಿಯಿಲ್ಲದವರು ತೆರಿಗೆಯನ್ನು ವಸೂಲು ಮಾಡುವಂತಿಲ್ಲ. ಒಂದೇ ವ್ಯವಹಾರಕ್ಕೆ ರೂ. 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2017ರಿಂದ ನಿಷೇಧಿಸಿದೆ. ಆದ್ದರಿಂದ ಬ್ಯಾಂಕಿನ ಮೂಲಕವೇ ಪಾವತಿಸಿ, ರಸೀದಿ ಪಡೆಯಿರಿ.

ಕೆಲವರು ಕೋಚಿಂಗ್ ಬಿಲ್ಲನ್ನು ಅಂಗಡಿಯ ಜಿಎಸ್‌ಟಿ ಸಂಖ್ಯೆಗೆ ಪಡೆದು ಹೂಡುವಳಿ ತೆರಿಗೆ ಜಮೆ ಪಡೆಯಬಹುದೆಂದು ಕೇಳುವುದುಂಟು. ಖಂಡಿತ ಕೂಡದು. ವೈಯಕ್ತಿಕ ಬಳಕೆಯ ಸೇವೆಗೆ ಈ ಜಮೆಯನ್ನು ಜಿಎಸ್‌ಟಿ ಕಾಯ್ದೆಯ 17(5)ನೆಯ ಕಲಮು ತಡೆದಿದೆ. ಮಕ್ಕಳ ಪಾಠದ ಖರ್ಚು ವ್ಯಾಪಾರದ ಖರ್ಚೂ ಅಲ್ಲ. ಅದು ಮಾಲೀಕರ ಡ್ರಾಯಿಂಗ್ಸ್ ಖಾತೆಗೆ ಸೇರಬೇಕು. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ಇಬ್ಬರು ಮಕ್ಕಳ ಬೋಧನಾ ಶುಲ್ಕಕ್ಕೆ ದೊರೆಯುವ ಕಡಿತವೂ ಶಾಲಾ ಕಾಲೇಜುಗಳ ಪೂರ್ಣಾವಧಿ ಶಿಕ್ಷಣಕ್ಕೆ ಮಾತ್ರ. ಕೋಚಿಂಗ್ ಶುಲ್ಕಕ್ಕೆ ಇಲ್ಲ.

ಕಾನೂನಿನ ಆಸರೆ

ಕೇಂದ್ರ ಶಿಕ್ಷಣ ಸಚಿವಾಲಯವು 2024ರ ಜನವರಿಯಲ್ಲಿ, 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿಯನ್ನು ಹೊರಡಿಸಿತು. 16 ವರ್ಷದೊಳಗಿನವರನ್ನು ಸೇರಿಸಿಕೊಳ್ಳಬಾರದು, ಬೋಧಕರು ಪದವೀಧರರಾಗಿರಬೇಕು, ರ‍್ಯಾಂಕಿನ ಭರವಸೆ ಕೊಡಬಾರದು, ದಿನಕ್ಕೆ 5 ಗಂಟೆಗಿಂತ ಹೆಚ್ಚು ಪಾಠ ಕೂಡದು, ಮಧ್ಯದಲ್ಲಿ ಬಿಟ್ಟವರಿಗೆ ಉಳಿದ ಅವಧಿಯ ಶುಲ್ಕವನ್ನು 10 ದಿನಗಳೊಳಗೆ ಹಿಂದಿರುಗಿಸಬೇಕು ಎಂಬುವು ಅದರ ಮುಖ್ಯಾಂಶಗಳು. ಇದು ಮಾರ್ಗಸೂಚಿಯೇ ಹೊರತು ಕಾಯ್ದೆಯಲ್ಲ. ಜಾರಿಯ ಹೊಣೆ ರಾಜ್ಯಗಳದು. ಆದರೂ ಒಪ್ಪಂದಕ್ಕೆ ಮುನ್ನ ಇದೇ ಷರತ್ತುಗಳನ್ನು ಬರಹದಲ್ಲಿ ಕೇಳಲು ಅಡ್ಡಿಯೇನೂ ಇಲ್ಲ. ಒಪ್ಪದವರನ್ನು ಬಿಟ್ಟುಬಿಡುವುದೇ ಕ್ಷೇಮ. 2024ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಕೋಚಿಂಗ್ ಜಾಹೀರಾತುಗಳಿಗೂ ನಿಯಮ ವಿಧಿಸಿ, ಭಾವಚಿತ್ರದಲ್ಲಿರುವ ವಿದ್ಯಾರ್ಥಿ ಯಾವ ಕೋರ್ಸನ್ನು ಎಷ್ಟು ಅವಧಿಗೆ ಪಡೆದಿದ್ದ ಎಂಬುದನ್ನು ತಿಳಿಸಬೇಕೆಂದಿದೆ. ದೂರಿದ್ದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಬಹುದು.

ವಾಣಿಜ್ಯ ಸಂಸ್ಥೆಯ ಪಾತ್ರ

ಇಷ್ಟೆಲ್ಲವನ್ನೂ ಪ್ರತಿಯೊಬ್ಬ ಸದಸ್ಯರೂ ಒಂಟಿಯಾಗಿ ಮಾಡುವುದು ಕಷ್ಟ. ಬೆಳಿಗ್ಗೆ ಅಂಗಡಿ ತೆರೆದು ರಾತ್ರಿ ಮುಚ್ಚುವವರಿಗೆ ಬೋಧಕರನ್ನು ಹುಡುಕುವ ಬಿಡುವೆಲ್ಲಿ? ಆದ್ದರಿಂದ ನಮ್ಮ ಸಂಸ್ಥೆಯು ಒಂದು ಸಣ್ಣ ಉಪಸಮಿತಿಯನ್ನು ರಚಿಸಿ, ಊರಿನ ಬೋಧಕರ ಪಟ್ಟಿಯನ್ನು ಅವರ ವಿಷಯ, ವಿದ್ಯಾರ್ಹತೆ, ದರಗಳೊಡನೆ ಸಿದ್ಧಪಡಿಸಬೇಕು. ಪಾಠ ಪಡೆದ ಕುಟುಂಬಗಳ ಅಭಿಪ್ರಾಯವನ್ನು ವರ್ಷಕ್ಕೊಮ್ಮೆ ಸಂಗ್ರಹಿಸಬೇಕು. ನಾಲ್ಕೈದು ಮಕ್ಕಳ ಗುಂಪುಗಳಿಗೆ ಸಂಜೆಯ ವೇಳೆ ಸಭಾಂಗಣವನ್ನು ಬಿಟ್ಟುಕೊಡಬಹುದು. ಹಮಾಲರ, ಗುಮಾಸ್ತರ, ಕಾರ್ಮಿಕರ ಮಕ್ಕಳಲ್ಲಿ ಪ್ರತಿಭೆಯುಳ್ಳವರಿಗೆ ಪ್ರತಿ ಗುಂಪಿನಲ್ಲಿ ಒಂದು ಸ್ಥಾನವನ್ನು ಶುಲ್ಕವಿಲ್ಲದೆ ಮೀಸಲಿಟ್ಟರೆ ಸಂಸ್ಥೆಯ ಗೌರವ ಹೆಚ್ಚುತ್ತದೆ.

ಕೊನೆಯದಾಗಿ ಒಂದು ಮಾತು. ಪಾಠ ಗೊತ್ತುಮಾಡುವ ಮುನ್ನ, ಈ ಪರೀಕ್ಷೆಯನ್ನು ಬರೆಯಲು ಮಗುವಿಗೆ ಮನಸ್ಸಿದೆಯೇ ಎಂದು ಕೇಳಬೇಕು. ವಾಣಿಜ್ಯ, ಕಾನೂನು, ಕಲೆಗಳಲ್ಲಿ ಒಲವಿರುವ ಮಗುವಿಗೆ ಎಂಥ ಶ್ರೇಷ್ಠ ಬೋಧಕರನ್ನು ತಂದರೂ ನೀಟ್ ಒಂದು ಶಿಕ್ಷೆಯೇ ಆಗುತ್ತದೆ. ವ್ಯಾಪಾರದ ನಷ್ಟವನ್ನು ಕಾನೂನಿನಂತೆ ಮುಂದಿನ 8 ವರ್ಷಗಳವರೆಗೆ ಒಯ್ದು ಲಾಭದೊಡನೆ ಸರಿದೂಗಿಸಬಹುದು. ಹದಿನೇಳನೆಯ ವಯಸ್ಸಿನಲ್ಲಿ ಕಳೆದುಕೊಂಡ ಆತ್ಮವಿಶ್ವಾಸವನ್ನು ಹಾಗೆ ಮುಂದಕ್ಕೆ ಒಯ್ಯುವ ಕಲಮು ಯಾವ ಕಾಯ್ದೆಯಲ್ಲಿಯೂ ಇಲ್ಲ. ಹಣದ ವಿಷಯದಲ್ಲಿ ತೋರುವ ಜಾಗರೂಕತೆಯನ್ನು ಮಕ್ಕಳ ವಿಷಯದಲ್ಲಿಯೂ ಸದಸ್ಯ ಬಾಂಧವರು ತೋರುವರೆಂದು ಆಶಿಸುತ್ತೇನೆ.