ವೀರಗಲ್ಲುಗಳ ನೆಲೆ: ಸಂರಕ್ಷಣೆಯ ಕುರಿತು ಕೆಲವು ವಿಚಾರಗಳು

ಕನ್ನಡ ಶಾಸನಾಧ್ಯಯನದಲ್ಲಿ ವೀರಗಲ್ಲುಗಳು ಭಾಷಾ ಇತಿಹಾಸ, ಸ್ಥಳನಾಮ, ಯುದ್ಧಪದ್ಧತಿ ಹಾಗೂ ಭೂದಾನಗಳ ಆಕರಗಳಾಗಿ ಸಾಕಷ್ಟು ಚರ್ಚೆಗೆ ಒಳಗಾಗಿವೆ. ಆದರೆ ಆ ಕಲ್ಲು ಎಲ್ಲಿ ನಿಂತಿದೆ, ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆಯನ್ನು ಪುರಾತತ್ವ ಇಲಾಖೆಗೆ ಬಿಟ್ಟುಕೊಡುವುದೇ ವಾಡಿಕೆಯಾಗಿದೆ. ಶಾಸನದ ಪಾಠ ಒಮ್ಮೆ ಸಂಪುಟದಲ್ಲಿ ಅಚ್ಚಾದರೆ ಸಾಹಿತ್ಯದ ವಿದ್ಯಾರ್ಥಿಯ ಕೆಲಸ ಮುಗಿಯಿತೆಂಬ ಭಾವನೆ ಇದಕ್ಕೆ ಕಾರಣ. ಈ ಭಾವನೆಯನ್ನು ಮರುಪರಿಶೀಲಿಸುವ ಅಗತ್ಯವಿದೆ.

ವಿಲ್ಸನ್ ಗಾರ್ಡನ್, ಆಡುಗೋಡಿಗಳನ್ನು ದಾಟಿ ಹೊಸೂರು ರಸ್ತೆಯ ದಿಕ್ಕಿನಲ್ಲಿ ಬೆಂಗಳೂರು ಹಬ್ಬಿದಂತೆಲ್ಲ ಹಳೆಯ ಊರುಗಳು ಬಡಾವಣೆಗಳ ನಡುವೆ ಕರಗಿವೆ. ಬೇಗೂರು ಅಂಥ ಊರುಗಳಲ್ಲೊಂದು. 'ಬೆಂಗಳೂರು' ಎಂಬ ಹೆಸರನ್ನು ಉಲ್ಲೇಖಿಸುವ, ಸುಮಾರು ಕ್ರಿ.ಶ. 890ರ ಶಾಸನ ಅಲ್ಲಿನ ಪಂಚಲಿಂಗೇಶ್ವರ ದೇವಾಲಯದ ಆವರಣದಲ್ಲಿಯೇ ಇದೆ. ಅದೇ ಊರಿನ ಇನ್ನೊಂದು ವೀರಗಲ್ಲು ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹಕ್ಕೆ ಸೇರಿದೆ. ಗಂಗರ ಎರೆಯಪ್ಪನ ಪರವಾಗಿ ವೀರಮಹೇಂದ್ರನ ಸೈನ್ಯದೊಡನೆ ಹೋರಾಡಿ ಮಡಿದ ನಾಗತ್ತರನ ಸ್ಮಾರಕವದು. ಆನೆ, ಕುದುರೆ, ಯೋಧರಿಂದ ಕಿಕ್ಕಿರಿದ ಅದರ ಸಮರದೃಶ್ಯ ಕಲಾದೃಷ್ಟಿಯಿಂದ ಅಪೂರ್ವವಾದುದು. ಬೆಂಪೂರು ಹನ್ನೆರಡನ್ನು ದತ್ತಿಯಾಗಿ ನೀಡಿದ ವಿಷಯವೂ ಅದರಲ್ಲಿದೆ. ಆ ಬೆಂಪೂರೇ ಇಂದಿನ ಬೇಗೂರು. ಬೆಂಗಳೂರಿನ ಕಾಳಗವನ್ನು ಹೇಳುವ ಶಾಸನದಲ್ಲಿಯೂ ನಾಗತ್ತರನ ಹೆಸರು ಬರುತ್ತದೆ. ಒಂದೇ ಮನೆತನದ ನೆನಪನ್ನು ಹೊತ್ತ ಎರಡು ಕಲ್ಲುಗಳು ಹೀಗೆ ಬೇರ್ಪಟ್ಟಿವೆ. ಒಂದನ್ನು ಓದುವವನಿಗೆ ಇನ್ನೊಂದು ಕಣ್ಣೆದುರಿಗಿಲ್ಲ.

ಆತಕೂರಿನ ಶಾಸನ ಈ ಸಮಸ್ಯೆಯನ್ನು ಮತ್ತಷ್ಟು ಸ್ಪಷ್ಟಪಡಿಸುತ್ತದೆ. ಕ್ರಿ.ಶ. 949-50ರ ಈ ಕಲ್ಲು ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯನ್ನೂ ಅದರ ಒಡೆಯ ಮಣಲೆರನನ್ನೂ ಸ್ಮರಿಸುತ್ತದೆ. ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ಬಿಟ್ಟುದಲ್ಲದೆ, ಅದನ್ನು ಪೂಜಿಸದೆ ಉಣ್ಣುವ ಅಲ್ಲಿನ ಗೊರವನಿಗೆ ಪಾಪ ತಟ್ಟುವುದೆಂದೂ ಶಾಸನ ವಿಧಿಸುತ್ತದೆ. ಅಂದರೆ ಕಲ್ಲು ಇರುವ ಸ್ಥಳ, ಅದಕ್ಕೆ ಸಲ್ಲಬೇಕಾದ ನಿತ್ಯಪೂಜೆ, ಅದನ್ನು ನಡೆಸಬೇಕಾದ ವ್ಯಕ್ತಿ ಇವೆಲ್ಲವೂ ಪಾಠದ ಒಳಗೇ ಅಡಕವಾಗಿವೆ. ಈ ಕಲ್ಲು ಸಹ ಇಂದು ಬೆಂಗಳೂರಿನ ಸಂಗ್ರಹಾಲಯದ ಸ್ವತ್ತು. ಅಕ್ಷರಗಳು ಉಳಿದಿವೆ, ಅವು ಯಾರನ್ನು ಉದ್ದೇಶಿಸಿ ಮಾತನಾಡುತ್ತವೆಯೋ ಆ ಊರು ಮಾತ್ರ ದೂರವಾಗಿದೆ.

ಸಂಗ್ರಹಾಲಯಕ್ಕೆ ಒಯ್ಯದಿದ್ದರೆ ಇಂಥ ಕಲ್ಲುಗಳು ಉಳಿಯುತ್ತಿರಲಿಲ್ಲವೆಂಬ ವಾದ ಸಂಪೂರ್ಣ ನಿರಾಧಾರವಲ್ಲ. ಬಿ.ಎಲ್. ರೈಸ್ ಅವರು 1905ರಲ್ಲಿ 'ಎಪಿಗ್ರಾಫಿಯ ಕರ್ನಾಟಿಕ'ದ ಒಂಬತ್ತನೆಯ ಸಂಪುಟದಲ್ಲಿ ದಾಖಲಿಸಿದ ಬೆಂಗಳೂರು ಜಿಲ್ಲೆಯ ಅನೇಕ ಶಾಸನಗಳು ಈಗ ಸ್ಥಳದಲ್ಲಿಲ್ಲ. ರಸ್ತೆ ಅಗಲೀಕರಣ, ಕಟ್ಟಡದ ತಳಪಾಯ, ನಿಧಿಯಾಸೆ ಇವೆಲ್ಲ ಸೇರಿ ಅವನ್ನು ನುಂಗಿವೆ. ಭಕ್ತಿಯಿಂದ ಬಳಿಯುವ ಎಣ್ಣೆ, ಬಣ್ಣ, ಪಾದಕ್ಕೆ ಹಾಕುವ ಸಿಮೆಂಟು ಸಹ ಅಕ್ಷರಗಳನ್ನು ಮುಚ್ಚುತ್ತವೆ. ಕಲ್ಲುಗಳನ್ನು ಒಂದೆಡೆ ತಂದು ಬಯಲಿನಲ್ಲಿ ನಿಲ್ಲಿಸುವುದು ಮಧ್ಯಮಮಾರ್ಗವೆನಿಸಬಹುದು. ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ಆವರಣದಲ್ಲಿ ಇಂಥ ವ್ಯವಸ್ಥೆಯಿದೆ. ಆದರೆ ಸಾಲಾಗಿ ನಿಂತ ಕಲ್ಲುಗಳು ನೋಡುಗನಿಗೆ ಶಿಲ್ಪಗಳಾಗಿ ಮಾತ್ರ ಕಾಣುತ್ತವೆ. ಯಾವ ಕೆರೆಯ ಏರಿ, ಯಾವ ಊರಗಡಿ, ಯಾವ ತುರುಗೊಳ್ ಎಂಬ ಸಂಬಂಧ ಅಲ್ಲಿ ಉಳಿಯುವುದಿಲ್ಲ.

ಇದು ಕರ್ನಾಟಕಕ್ಕೆ ಮಾತ್ರ ಸೀಮಿತವಾದ ಸಮಸ್ಯೆಯಲ್ಲ. ಅಲಾಸ್ಕದ ಟ್ಲಿಂಗಿಟ್ ಮತ್ತು ಹೈಡಾ ಜನರ ಕುಲಸ್ಮರಣೆಯ ಮರದ ಕಂಬಗಳನ್ನು ಅವರ ಹಳ್ಳಿಗಳಿಂದ ತಂದು 1904ರ ಸೇಂಟ್ ಲೂಯಿಸ್ ಪ್ರದರ್ಶನದಲ್ಲಿ ತೋರಿಸಲಾಯಿತು. ಅನಂತರ ಅವನ್ನು ಸಿಟ್ಕಾದ ಉದ್ಯಾನದಲ್ಲಿ ನಿಲ್ಲಿಸಲಾಯಿತು. ಮಳೆಗೆ ಮರ ಶಿಥಿಲವಾದಾಗ, 1930ರ ದಶಕದ ಕೊನೆಯಿಂದ ಪ್ರತಿಕೃತಿಗಳನ್ನು ಕೆತ್ತಿಸಬೇಕಾಯಿತು. ಕೆತ್ತುವ ಪರಂಪರೆ ಜೀವಂತವಾಗಿರುವುದರಿಂದ ಕಂಬ ಮತ್ತೆ ಹುಟ್ಟಬಲ್ಲದು. ಹತ್ತನೆಯ ಶತಮಾನದ ಹಳಗನ್ನಡ ಅಕ್ಷರಕ್ಕೆ ಆ ಅವಕಾಶವಿಲ್ಲ.

ಹೆಬ್ಬಾಳದ ನಿದರ್ಶನ ಬೇರೆಯೇ ದಾರಿಯನ್ನು ತೋರಿಸುತ್ತದೆ. ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ಶಾಸನ 2018ರಲ್ಲಿ ಚರಂಡಿ ಕಾಮಗಾರಿಯ ವೇಳೆ ಬೆಳಕಿಗೆ ಬಂದಿತು. ಅದನ್ನು ದೂರಕ್ಕೆ ಒಯ್ಯದೆ ಹೆಬ್ಬಾಳದಲ್ಲಿಯೇ ಮಂಟಪ ಕಟ್ಟಿ ನಿಲ್ಲಿಸಲಾಯಿತು. 2021ರಲ್ಲಿ ಮಿಥಿಕ್ ಸೊಸೈಟಿ ಆರಂಭಿಸಿದ ಯೋಜನೆಯಡಿ ಬೆಂಗಳೂರಿನ ಶಾಸನಗಳ ಮೂರು ಆಯಾಮದ ಡಿಜಿಟಲ್ ದಾಖಲಾತಿಯೂ ನಡೆದಿದೆ. ಕಲ್ಲು ಊರಿನಲ್ಲಿ, ಪಾಠ ಎಲ್ಲರ ಕೈಯಲ್ಲಿ ಎಂಬುದು ಇದರಿಂದ ಸಾಧ್ಯವಾಗುತ್ತದೆ.

ಆದ್ದರಿಂದ ವೀರಗಲ್ಲನ್ನು ಮೊದಲು ಅದರ ಮೂಲಸ್ಥಳದಲ್ಲಿಯೇ ಕಾಪಾಡಬೇಕು. ಅದು ಅಸಾಧ್ಯವಾದಾಗ ಅದೇ ಊರಿನ ಸಾರ್ವಜನಿಕ ಸ್ಥಳಕ್ಕೆ ತಂದು, ಮೂಲನೆಲೆ ಹಾಗೂ ದಿಕ್ಕನ್ನು ದಾಖಲಿಸಿ ನಿಲ್ಲಿಸಬೇಕು. ಸಂಗ್ರಹಾಲಯ ಕೊನೆಯ ಆಯ್ಕೆಯಾಗಬೇಕು. ಅಲ್ಲಿಗೆ ಒಯ್ದ ಕಲ್ಲಿನ ಪ್ರತಿಕೃತಿ ಊರಿನಲ್ಲಿರಬೇಕು. ಪ್ರತಿಯೊಂದರ ಬಳಿ ಮೂಲಪಾಠ ಮತ್ತು ಹೊಸಗನ್ನಡ ಅರ್ಥವಿರುವ ಫಲಕ ಅವಶ್ಯ. ಈ ಫಲಕವನ್ನು ಸಿದ್ಧಪಡಿಸಬೇಕಾದವರು ಆಯಾ ತಾಲ್ಲೂಕಿನ ಕಾಲೇಜುಗಳ ಕನ್ನಡ ಅಧ್ಯಾಪಕರು. ಊರವರು ಓದಿ ತಿಳಿದ ಕಲ್ಲನ್ನು ತಳಪಾಯಕ್ಕೆ ಹಾಕುವುದು ಸುಲಭವಲ್ಲ. ಹಳಗನ್ನಡವನ್ನು ತರಗತಿಯಲ್ಲಿ ಬೋಧಿಸುವವರು ಅದನ್ನು ಊರ ಬಾಗಿಲಲ್ಲಿಯೂ ಓದಿಹೇಳದಿದ್ದರೆ, ಮುಂದಿನ ತಲೆಮಾರಿನ ಸಂಶೋಧಕನಿಗೆ ಸಂಪುಟದ ಪುಟವೊಂದೇ ಉಳಿಯುತ್ತದೆ.