ಹಗಲು ಹೊರಗೆ, ಇರುಳು ಒಳಗೆ

ಡಿಸೆಂಬರ್ ಬಂತೆಂದರೆ ಉದಕಮಂಡಲದ ಹಲವು ಮನೆಗಳಲ್ಲಿ ಅಂಗಳದ ಕುಂಡಗಳು ಒಳಸೇರುತ್ತವೆ. ಎಚೆವೇರಿಯಾ, ಜೇಡ್, ಕಲಂಚೋ ಮೊದಲಾದ ಸಕ್ಯುಲೆಂಟ್ ಗಿಡಗಳು, ಅಂದರೆ ದಪ್ಪ ಎಲೆಗಳಲ್ಲಿ ನೀರನ್ನು ಕೂಡಿಟ್ಟುಕೊಳ್ಳುವ ನಮ್ಮ ಲೋಳೆಸರ, ಕಾಡುಬಸಳೆಗಳಂಥವು, ಕಪಾಟಿನ ಪಕ್ಕದಲ್ಲೋ ಮೆಟ್ಟಿಲ ಕೆಳಗೋ ಫೆಬ್ರವರಿಯವರೆಗೆ ಕುಳಿತಿರುತ್ತವೆ. ಗಿಡವನ್ನು ಚಳಿಯಿಂದ ಕಾಪಾಡಬೇಕೆಂಬ ಕಾಳಜಿ ಮೆಚ್ಚತಕ್ಕದ್ದೇ. ಆದರೆ ಹೀಗೆ ತಿಂಗಳುಗಟ್ಟಲೆ ಒಳಗಿಡುವುದು ನೀಲಗಿರಿಗೆ ಸಲ್ಲದ ಪದ್ಧತಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಇದು ಇಂಗ್ಲಿಷ್ ತೋಟಗಾರಿಕೆಯ ಪುಸ್ತಕಗಳ ಸಲಹೆ. ಲಂಡನ್ನಿನಲ್ಲಿ ಡಿಸೆಂಬರಿನ ಹಗಲು ಸುಮಾರು 8 ಗಂಟೆಯಷ್ಟೇ, ಬಿಸಿಲಿಗೂ ಬಲವಿಲ್ಲ. ಅಲ್ಲಿ ಗಿಡವನ್ನು ಒಳಗಿಟ್ಟರೆ ಕಳೆದುಕೊಳ್ಳುವುದು ಅಲ್ಪ. ಉದಕಮಂಡಲವಾದರೋ ಸುಮಾರು 2,240 ಮೀಟರ್ ಎತ್ತರದಲ್ಲಿದ್ದರೂ ಉಷ್ಣವಲಯದ ಊರು. ಇಲ್ಲಿ ಅದೇ ತಿಂಗಳ ಹಗಲು ಹನ್ನೊಂದೂವರೆ ಗಂಟೆಯಷ್ಟಿದೆ, ಬಿಸಿಲು ಚುರುಕಾಗಿದೆ. ಬೆಳಗಿನ ಜಾವ ಬಿಳಿಯಾಗಿದ್ದ ಹುಲ್ಲು ಹೊತ್ತೇರುವಷ್ಟರಲ್ಲಿ ಹಸುರಾಗಿರುತ್ತದೆ. ನಮ್ಮ ಗಿಡಗಳಿಗೆ ಕೇಡು ಬರುವುದು ಕೆಲವು ರಾತ್ರಿಗಳಲ್ಲಿ ಮಾತ್ರ.

ಎಂಥ ರಾತ್ರಿ ಎಂಬುದನ್ನು ಅರಿಯಬೇಕು. ಆಕಾಶ ತಿಳಿಯಾಗಿ ಗಾಳಿ ನಿಂತಿದ್ದರೆ ನೆಲದ ಕಾವು ತಡೆಯಿಲ್ಲದೆ ಮೇಲೇರಿ ಹೋಗುತ್ತದೆ. ತಣ್ಣನೆಯ ಗಾಳಿ ಭಾರವಾದುದರಿಂದ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ಮಡುಗಟ್ಟುತ್ತದೆ. ತಲೈಕುಂದದ ಬಯಲು ಬೆಳ್ಳಗಾದ ಮುಂಜಾನೆಯೂ ಇಳಿಜಾರಿನ ಮೇಲಿನ ಮನೆಯ ಕುಂಡಗಳಿಗೆ ಏನೂ ಆಗಿರದಿರಬಹುದು. ನೆಲದ ಮೇಲಿನ ಕುಂಡ ಕೆಟ್ಟು, ಸೂರಿನಡಿಯ ಬೆಂಚಿನ ಮೇಲಿದ್ದದ್ದು ಉಳಿಯುವುದೂ ಉಂಟು. ಎಲೆಯೊಳಗಿನ ನೀರು ಹೆಪ್ಪುಗಟ್ಟಿದರೆ ಜೀವಕೋಶಗಳು ಹರಿಯುತ್ತವೆ. ಎಲೆ ಮೊದಲು ಗಾಜಿನಂತಾಗಿ, ಬಳಿಕ ಕಪ್ಪಾಗಿ ಕೊಳೆಯುತ್ತದೆ. ಅದಕ್ಕೆ ಮದ್ದಿಲ್ಲ.

ಆದ್ದರಿಂದ ಸಂಜೆ ಆಕಾಶವನ್ನು ನೋಡಿ, ತಿಳಿಯಾಗಿದ್ದರೆ ಕುಂಡವನ್ನು ಒಳಗೆ ತನ್ನಿ. ಬೆಳಗಿನ ಬಿಸಿಲು ಹರಡಿದ ಮೇಲೆ ಹೊರಗಿಡಿ. ಕುಂಡಗಳು ಹೆಚ್ಚಿದ್ದರೆ ಸೂರಿನಡಿಗೆ ಸರಿಸಿ ಹಳೆಯ ಹೊದಿಕೆ ಹೊದಿಸಿದರೂ ಆದೀತು. ಪ್ಲಾಸ್ಟಿಕ್ ಹಾಳೆ ಎಲೆಗೆ ತಾಗಬಾರದು. ನೀರು ಅತಿ ಕಡಿಮೆ ಸಾಕು, ಮಣ್ಣು ಪೂರ್ತಿ ಒಣಗಿದ ಮೇಲೆ, ಅದೂ ಬೆಳಗಿನ ಹೊತ್ತು. ಕತ್ತಲ ಮೂಲೆಯಲ್ಲಿಟ್ಟು ವಾರವಾರ ನೀರೆರೆದ ಗಿಡದ ಬೇರು ಕೊಳೆಯುತ್ತದೆ. ಉಳಿದದ್ದು ಬೆಳಕನ್ನರಸಿ ಕಾಂಡ ನೀಳವಾಗಿ, ಬಣ್ಣಗೆಟ್ಟು, ಫೆಬ್ರವರಿಯಲ್ಲಿ ಒಮ್ಮೆಲೆ ಬಿಸಿಲಿಗೆ ಬಂದಾಗ ಸುಟ್ಟುಹೋಗುತ್ತದೆ. ಆಗ ನಾವು ಚಳಿಯನ್ನು ದೂರುತ್ತೇವೆ!

ಕನ್ನಡ ಐಚ್ಛಿಕದ ವಿದ್ಯಾರ್ಥಿಗಳಿಗೆ ಇದನ್ನೇಕೆ ಹೇಳಬೇಕು? ಈ ತಿಳಿವಳಿಕೆಯನ್ನು ಕನ್ನಡದಲ್ಲಿ ಬರೆಯಹೊರಟರೆ ಮೊದಲ ಪದದಲ್ಲೇ ಎಡವುತ್ತೇವೆ. ಕವಿದುಕೊಳ್ಳುವುದೂ ಮಂಜು, ಎಲೆಯ ಮೇಲಿನ ಹನಿಯೂ ಮಂಜು, ಹುಲ್ಲಿನ ಮೇಲೆ ಗಟ್ಟಿಯಾದದ್ದೂ ಮಂಜು. ಆದರೆ ದಟ್ಟವಾಗಿ ಮಂಜು ಕವಿದ ರಾತ್ರಿ ನೆಲದ ಕಾವು ಅಷ್ಟು ಬೇಗ ಆರದು, ಗಿಡಕ್ಕೆ ಅಪಾಯ ಕಡಿಮೆ. ಇಬ್ಬನಿ ಹೆಪ್ಪುಗಟ್ಟುವ ತಿಳಿಯಿರುಳೇ ಕೊಲ್ಲುವುದು. "ಮಂಜು ಬಿದ್ದರೆ ಗಿಡ ಒಳಗಿಡಿ" ಎಂದು ಬರೆದರೆ ಓದುಗನು ತಲೆಕೆಳಗಾಗಿ ನಡೆದುಕೊಂಡಾನು. ನೆರೆಯ ತಮಿಳರು ಇದನ್ನು 'ಉರೈಪನಿ' ಎಂದು ಬೇರ್ಪಡಿಸಿದ್ದಾರೆ. ಅಲ್ಲಿನ 'ಪನಿ' ನಮ್ಮ 'ಹನಿ'ಯ ಒಡಹುಟ್ಟು. ನಾವು 'ಹೆಪ್ಪಿಬ್ಬನಿ' ಎನ್ನಬಹುದಲ್ಲವೆ? ಕಿವಿಗೆ ಒರಟೆನಿಸಿದರೆ ಇದಕ್ಕಿಂತ ಒಳ್ಳೆಯದನ್ನು ನೀವೇ ಸೂಚಿಸಿ. ನಿಮ್ಮ ಹಾಡಿ ಹಟ್ಟಿಗಳಲ್ಲಿ ಹಿರಿಯರು ಇದಕ್ಕೆ ಏನೆನ್ನುತ್ತಾರೆಂದು ಕೇಳಿ ಬರೆದು ಕಳುಹಿಸಿದರೆ ಇನ್ನೂ ಮೇಲು.