ವಾಯುವಿಹಾರವೂ ಬೊಜ್ಜೂ

ನಡಿಗೆಯೆಂಬುದು ಒಂದು ವ್ಯಾಯಾಮವೆಂದು ನಮ್ಮ ತಾತಂದಿರ ಕಾಲದ ಮಲೆನಾಡಿನಲ್ಲಿ ಯಾರಾದರೂ ಹೇಳಿದ್ದರೆ, ಕೇಳಿದವರು ನಕ್ಕು ಎಲೆಯಡಿಕೆಯ ತಟ್ಟೆಯನ್ನು ಮುಂದಿಡುತ್ತಿದ್ದರು. ನಡೆಯದೆ ಇರುವ ಉಪಾಯವೇ ಆಗಿನವರಿಗೆ ತಿಳಿದಿರಲಿಲ್ಲ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಒಂದು ಗುಡ್ಡ, ಗುಡ್ಡದಾಚೆ ಒಂದು ಹಳ್ಳ, ಹಳ್ಳಕ್ಕೊಂದು ಸಂಕ, ಸಂಕ ದಾಟಿದರೆ ಉಣುಗೋಲು, ಅದರಾಚೆ ಮತ್ತೆ ಏರು. ಸೊಪ್ಪಿನ ಬೆಟ್ಟದಿಂದ ಹೊರೆ ಹೊತ್ತು ಇಳಿಯಬೇಕು; ತೋಟದಿಂದ ಅಡಿಕೆಗೊನೆಯನ್ನು ಅಂಗಳಕ್ಕೆ ಏರಿಸಬೇಕು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಹೊರಬಂದ ಕಾದಂಬರಿ. ತೀರ್ಥಹಳ್ಳಿ ಸೀಮೆಯ ಆ ಕಥೆಯಲ್ಲಿ ಒಡೆಯರೂ ಆಳುಗಳೂ ಒಂದು ಮನೆಯಿಂದ ಇನ್ನೊಂದಕ್ಕೆ ನಡೆಯುತ್ತಲೇ ಇರುತ್ತಾರೆ. ನಡಿಗೆಯನ್ನು ಕಿತ್ತುಹಾಕಿದರೆ ಕಥೆಯೇ ಮುಂದೆ ಸಾಗದು.

ಈಗಿನ ಸಾಗರದ ಪೇಟೆಯಲ್ಲಿ ಬೆಳಗಿನ ಆರು ಗಂಟೆಗೆ ಹೊರಟು ನೋಡಿ. ಮೈದಾನದಲ್ಲಿ, ಕೆರೆಯ ಬದಿಯಲ್ಲಿ, ಇಕ್ಕೇರಿಯ ಕಡೆಗೆ ಹೋಗುವ ರಸ್ತೆಯಲ್ಲಿ ಬೆಲೆಬಾಳುವ ಬೂಟು ತೊಟ್ಟ ಸಭ್ಯ ಗೃಹಸ್ಥರು ಇಬ್ಬಿಬ್ಬರಾಗಿ ಮುವ್ವರಾಗಿ ನಡೆಯುವುದು ಕಾಣುತ್ತದೆ. ಪಾಠ ಹೇಳುವ ವೃತ್ತಿಯಿಂದ ನಿವೃತ್ತನಾದ ನಾನೂ ಆ ಗುಂಪಿನವನೇ. ಹೆಜ್ಜೆಗಳನ್ನು ಎಣಿಸುವ ಯಂತ್ರ ಕೆಲವರ ಮಣಿಕಟ್ಟಿನಲ್ಲಿದೆ. ಅಡಿಕೆಯ ದರ ಏರಿದ ದಿನ ನಡಿಗೆ ತುಸು ಚುರುಕು, ಇಳಿದ ದಿನ ಪ್ರತಿ ಕಂಬದ ಬಳಿಯೂ ನಿಂತು ಸಮಾಲೋಚನೆ. ಎರಡು ಕಿಲೋಮೀಟರು ಸುತ್ತಿ, ಹೋಟೆಲಿನ ಬಾಗಿಲಲ್ಲಿ ಸಮಾರೋಪ. ಮಸಾಲೆದೋಸೆ, ಸಕ್ಕರೆ ಮುಂದಾದ ಕಾಫಿ. ವರ್ಷ ಕಳೆದ ಮೇಲೆ ಸೊಂಟದ ಪಟ್ಟಿಯ ತೂತು ಮೊದಲಿದ್ದಲ್ಲೇ ಇರುತ್ತದೆ. ಆಗ ಹೊರಡುವ ತೀರ್ಪು: “ವ್ಯಾಯಾಮದಿಂದ ಬೊಜ್ಜು ಕರಗುತ್ತದೆಂಬುದೆಲ್ಲ ಸುಳ್ಳು.”

ಈ ತೀರ್ಪನ್ನು ನಾನು ಒಪ್ಪಲಾರೆ. ಪಟ್ಟಣದ ವ್ಯಾಯಾಮಶಾಲೆಗಳು ‘ಕಾರ್ಡಿಯೋ’ ಎಂದು ಕರೆಯುವ ವಿದ್ಯೆ, ಅಂದರೆ ಹೃದಯಕ್ಕೂ ಶ್ವಾಸಕ್ಕೂ ಒಟ್ಟಿಗೆ ಕೆಲಸ ಕೊಡುವ ವ್ಯಾಯಾಮ, ಸುಳ್ಳಲ್ಲ. ನಾವು ಮಾಡುತ್ತಿರುವುದು ಆ ವ್ಯಾಯಾಮವಲ್ಲ, ಅಷ್ಟೆ. ನಾವು ಮಾಡುತ್ತಿರುವುದು ವಾಯುವಿಹಾರ. ಅದಕ್ಕೆ ಅದರದೇ ಆದ ಪುಣ್ಯವಿದೆ. ಆದರೆ ಬೊಜ್ಜಿನ ಲೆಕ್ಕದ ಪುಸ್ತಕದಲ್ಲಿ ಆ ಪುಣ್ಯಕ್ಕೆ ಕಾಲಂ ಇಲ್ಲ.

ಮೊದಲು ಬೊಜ್ಜು ಎಲ್ಲಿಗೆ ಹೋಗುತ್ತದೆಂಬುದನ್ನು ನೋಡೋಣ. ಬೆವರಾಗಿ ಹರಿದುಹೋಗುತ್ತದೆಂದು ಬಹಳ ಮಂದಿ ನಂಬಿದ್ದಾರೆ. ಅದಕ್ಕಾಗಿ ಬೇಸಗೆಯಲ್ಲೂ ಉಣ್ಣೆಯ ಅಂಗಿ ತೊಟ್ಟು ಓಡುವವರನ್ನು ಕಂಡಿದ್ದೇನೆ. ಬೆವರಿನಲ್ಲಿ ಹೋಗುವುದು ನೀರು ಮತ್ತು ಉಪ್ಪು. ಒಂದು ಚೊಂಬು ಮಜ್ಜಿಗೆ ಕುಡಿದರೆ ಆ ತೂಕ ಹಿಂದಕ್ಕೆ ಬರುತ್ತದೆ. ಕೊಬ್ಬು ದೇಹದೊಳಗೆ ಆಮ್ಲಜನಕದೊಡನೆ ಕೂಡಿ ಉರಿದಾಗ ಉಳಿಯುವುದು ಇಂಗಾಲದ ಡೈಆಕ್ಸೈಡು ಮತ್ತು ನೀರು. 2014ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಆಸ್ಟ್ರೇಲಿಯದ ಇಬ್ಬರು ವಿಜ್ಞಾನಿಗಳು ಇದನ್ನು ತೂಗಿ ತೋರಿಸಿದರು: 10 ಕಿಲೋ ಕೊಬ್ಬು ಕರಗಿದರೆ ಅದರಲ್ಲಿ 8.4 ಕಿಲೋ ಉಸಿರಾಗಿ ಹೊರಹೋಗುತ್ತದೆ, ಮಿಕ್ಕ 1.6 ಕಿಲೋ ನೀರಾಗುತ್ತದೆ. ಬೊಜ್ಜು ಮನೆ ಬಿಟ್ಟು ಹೋಗುವ ಬಾಗಿಲು ಮೂಗು ಎಂದಾಯಿತು. ಹಾಗೆಂದು ಕೂತಲ್ಲೇ ಬುಸುಬುಸು ಉಸಿರಾಡಿದರೆ ತಲೆ ತಿರುಗುವುದೇ ಹೊರತು ಕೊಬ್ಬು ಕರಗದು. ಸ್ನಾಯುಗಳು ಕೇಳಿದ್ದರಿಂದ ಹೆಚ್ಚಿದ ಉಸಿರು ಮಾತ್ರ ಲೆಕ್ಕಕ್ಕೆ ಬರುತ್ತದೆ.

ಎಷ್ಟು ಹೆಚ್ಚಬೇಕು? ಇದಕ್ಕೆ ಯಂತ್ರ ಬೇಕಿಲ್ಲ. ನಡೆಯುತ್ತಿರುವಾಗ ಪಕ್ಕದವನೊಡನೆ ನಾಲ್ಕು ಮಾತು ಆಡಲು ಸಾಧ್ಯವಾಗಬೇಕು, ಒಂದು ಹಾಡನ್ನು ಪಲ್ಲವಿಯಿಂದ ಚರಣದವರೆಗೆ ಹಾಡಲು ಸಾಧ್ಯವಾಗಬಾರದು. ಇದು ವೈದ್ಯರು ಒಪ್ಪಿದ ಪರೀಕ್ಷೆ. ಇದಕ್ಕೆ ನನ್ನದೊಂದು ಸ್ಥಳೀಯ ತಿದ್ದುಪಡಿಯುಂಟು. ಅಡಿಕೆ ದರದ ಮೇಲೆ ಉಪವಾಕ್ಯಗಳುಳ್ಳ ದೀರ್ಘ ವಾಕ್ಯಗಳನ್ನು ರಚಿಸಲು ನಿಮಗೆ ಆಗುತ್ತಿದ್ದರೆ ನಿಮ್ಮ ನಡಿಗೆ ಸಾಲದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಇಂಥ ಮಧ್ಯಮ ಶ್ರಮ, ಇಲ್ಲವೆ 75ರಿಂದ 150 ನಿಮಿಷ ತೀವ್ರ ಶ್ರಮ; ಜೊತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಭಾರದ ಕೆಲಸ. ಆರೋಗ್ಯಕ್ಕೆ 150 ನಿಮಿಷ ಸಾಕಾದರೂ, ತೂಕ ಕಣ್ಣಿಗೆ ಕಾಣುವಂತೆ ಇಳಿಯಲು 250 ನಿಮಿಷವನ್ನು ಮೀರಬೇಕೆಂದು ಅಮೆರಿಕದ ಕ್ರೀಡಾವೈದ್ಯರು 2009ರಲ್ಲಿ ಅಭಿಪ್ರಾಯಪಟ್ಟರು. ನಿಧಾನವಾಗಿ ನಡೆದರೆ ಕೊಬ್ಬೇ ಹೆಚ್ಚು ಉರಿಯುತ್ತದೆಂದು ಹೇಳುವವರಿದ್ದಾರೆ. ಅದು ಅರ್ಧ ಸತ್ಯ. ನಿಧಾನದಲ್ಲಿ ಉರಿಯುವುದರಲ್ಲಿ ಕೊಬ್ಬಿನ ಪಾಲು ದೊಡ್ಡದು, ಆದರೆ ಉರಿಯುವ ಒಟ್ಟು ಮೊತ್ತವೇ ಚಿಕ್ಕದು. ಹತ್ತು ರೂಪಾಯಿಯಲ್ಲಿ ಎಂಟಾಣೆ ಪಾಲಿಗಿಂತ ನೂರು ರೂಪಾಯಿಯಲ್ಲಿ ಆರಾಣೆ ಪಾಲು ಮೇಲಲ್ಲವೆ? ಖಾಲಿ ಹೊಟ್ಟೆಯಲ್ಲಿ ನಡೆಯಬೇಕೋ ತಿಂದು ನಡೆಯಬೇಕೋ ಎಂಬ ಚರ್ಚೆಯೂ ಇಷ್ಟೇ; ದಿನದ ಒಟ್ಟು ಲೆಕ್ಕದಲ್ಲಿ ಅದು ಅಳಿಸಿಹೋಗುತ್ತದೆ.

ಇಲ್ಲಿಗೆ ಬಂದಾಗ ನನಗೆ ನಮ್ಮ ನೆಲದ ಮೇಲೆ ಅಭಿಮಾನ ಉಕ್ಕುತ್ತದೆ. ಬಯಲುಸೀಮೆಯವರು ಹಣ ತೆತ್ತು, ಇಳಿಜಾರಾಗಿ ಎತ್ತಿ ನಿಲ್ಲಿಸಿದ ರಬ್ಬರಿನ ಪಟ್ಟಿಯ ಮೇಲೆ ನಡೆದು ಗಳಿಸುವುದನ್ನು ನಮಗೆ ಸೃಷ್ಟಿಯೇ ಮನೆಯ ಹಿಂದೆ ಇಟ್ಟುಕೊಟ್ಟಿದೆ. 70 ಕಿಲೋ ತೂಕದ ಒಬ್ಬಾತ ಸಮನೆಲದಲ್ಲಿ ಒಂದು ಕಿಲೋಮೀಟರು ನಡೆದರೆ ಸುಮಾರು 50 ಕ್ಯಾಲೊರಿ ವೆಚ್ಚವಾಗುತ್ತದೆ. ಅದೇ ಆತ ನೂರು ಮೀಟರು ಎತ್ತರಕ್ಕೆ ಏರಿದರೆ, ಸ್ನಾಯುಗಳು ತಮ್ಮ ಇಂಧನದ ಕಾಲುಪಾಲನ್ನಷ್ಟೇ ಕೆಲಸವಾಗಿಸಬಲ್ಲುವಾದ್ದರಿಂದ, ಏರಿಕೆಯೊಂದಕ್ಕೇ ಸುಮಾರು 65 ಕ್ಯಾಲೊರಿ ಬೇಕು. ತೀರ್ಥಹಳ್ಳಿಯವರಿಗೆ ಕುಂದಾದ್ರಿಯೂ ಕವಲೇದುರ್ಗವೂ ಕುಪ್ಪಳಿಯ ಕವಿಶೈಲವೂ ಇವೆ. ಹೊಸನಗರದವರಿಗೆ 1343 ಮೀಟರಿನ ಕೊಡಚಾದ್ರಿಯೇ ಇದೆ. ಅಷ್ಟೆಲ್ಲ ಬೇಡ, ಮನೆಯಿಂದ ಬಸ್ಸಿನ ರಸ್ತೆಗೆ ಹೋಗುವ ಏರನ್ನು ನಿಲ್ಲದೆ ನಾಲ್ಕು ಸಲ ಹತ್ತಿ ಇಳಿದವನಿಗೆ ಹಾಡಿನ ಪರೀಕ್ಷೆಯ ಅಗತ್ಯ ಬೀಳದು. ಆದರೆ ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ ರಕ್ತದೊತ್ತಡ ಉಳ್ಳವರು ಮೊದಲು ವೈದ್ಯರಿಗೆ ತೋರಿಸಿಕೊಂಡೇ ಏರಿಗೆ ಕಾಲಿಡಬೇಕು. ಏರುವಾಗ ಎದೆ ಹಿಡಿದರೆ ಅದನ್ನು ಸೋಮಾರಿತನವೆಂದು ಬೈದುಕೊಂಡು ಮುಂದುವರಿಯಬಾರದು.

ತೀವ್ರ ಶ್ರಮ ಬೇಕೆನ್ನುವವರಿಗೆ ನಮ್ಮ ಸೀಮೆಯ ಡೊಳ್ಳು ಕುಣಿತವನ್ನು ತೋರಿಸುತ್ತೇನೆ. ಭಾರದ ಡೊಳ್ಳನ್ನು ಸೊಂಟಕ್ಕೆ ಕಟ್ಟಿ, ಕುಣಿದು, ಕುಪ್ಪಳಿಸಿ, ಗತಿಯನ್ನು ಒಮ್ಮೆ ಏರಿಸಿ ಒಮ್ಮೆ ಇಳಿಸಿ ಬಾರಿಸುವ ಆ ತರುಣ ತರುಣಿಯರಲ್ಲಿ ಬೊಜ್ಜುಳ್ಳವರು ಅಪರೂಪ. ಈಚಿನ ವ್ಯಾಯಾಮಶಾಸ್ತ್ರ ಬಿಟ್ಟುಬಿಟ್ಟು ಮಾಡುವ ತೀವ್ರ ಶ್ರಮವೆಂದು ಹೊಗಳುವ ಪದ್ಧತಿ ಇದಕ್ಕಿಂತ ಬೇರೆಯಲ್ಲ. ಬೀರಪ್ಪನ ಸೇವೆಯೆಂದು ಮಾಡುವವರಿಗೆ ಈ ಹೋಲಿಕೆ ರುಚಿಸದಿದ್ದರೆ ಮನ್ನಿಸಬೇಕು.

ದುಡಿಮೆಯೊಳಗಿನ ಚಲನೆಗೂ ಹೃದಯಕ್ಕೂ ಇರುವ ನಂಟನ್ನು ಮೊದಲು ಎತ್ತಿ ತೋರಿಸಿದ್ದು ಬಸ್ಸು ಎಂಬುದು ಸ್ವಾರಸ್ಯದ ಸಂಗತಿ. ಲಂಡನ್ನಿನ ಜೆರ್ರಿ ಮಾರಿಸ್ ಎಂಬ ವೈದ್ಯನೂ ಆತನ ಸಂಗಡಿಗರೂ 1953ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎರಡಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಕುಳಿತಿರುವ ಚಾಲಕರಿಗಿಂತ, ಮೆಟ್ಟಿಲು ಹತ್ತಿ ಇಳಿದು ಟಿಕೇಟು ಹರಿಯುತ್ತಿದ್ದ ಕಂಡಕ್ಟರುಗಳಿಗೆ ಹೃದಯದ ಬೇನೆ ಕಡಿಮೆ. ಒಂದೇ ಬಸ್ಸು, ಒಂದೇ ಊರು. ವ್ಯತ್ಯಾಸ ಮುಖ್ಯವಾಗಿ ಕಾಲಿನದು. ನಮ್ಮ ಹಳ್ಳಿಗಳಿಗೆ ಬಸ್ಸು ಬಂದಾಗ ಬಸ್ಸಿನವರೆಗಿನ ನಡಿಗೆಯಾದರೂ ಉಳಿದಿತ್ತು. ಬೈಕು ಅಂಗಳಕ್ಕೇ ಬಂದ ಮೇಲೆ ಅದೂ ಹೋಯಿತು. ತೋಟಕ್ಕೆ ಇಳಿಯಲೂ ಬೈಕು ಹತ್ತುವ ಯುವಕರನ್ನು ನಾನು ಬಲ್ಲೆ.

ಇನ್ನು ಅಡಿಗೆಮನೆ. ಇಲ್ಲಿ ಪ್ರಾಮಾಣಿಕವಾಗಿ ಲೆಕ್ಕ ಹಾಕಿದರೆ ವ್ಯಾಯಾಮದ ಪಕ್ಷಪಾತಿಗಳಿಗೆ ಸ್ವಲ್ಪ ಮುಖಭಂಗವಾಗುತ್ತದೆ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿ ಅಡಗಿದೆ. ದಿನವೂ ಐದು ಕಿಲೋಮೀಟರು ಬಿರುಸಾಗಿ ನಡೆದು 250 ಕ್ಯಾಲೊರಿ ವೆಚ್ಚ ಮಾಡಿದರೂ ಒಂದು ಕಿಲೋ ಇಳಿಯಲು ಒಂದು ತಿಂಗಳು ಬೇಕು. ಅದೂ ಊಟ ಹಿಂದಿನಷ್ಟೇ ಇದ್ದರೆ. ಒಂದು ದೊಡ್ಡ ಚಮಚ ತುಪ್ಪದಲ್ಲಿ ಸುಮಾರು 120 ಕ್ಯಾಲೊರಿ. ದೋಸೆಗೆ ಜೋನಿಬೆಲ್ಲ, ಜೋನಿಬೆಲ್ಲಕ್ಕೆ ತುಪ್ಪ, ಮೇಲೆ ಇನ್ನೊಂದು ದೋಸೆ ಎಂಬ ನಮ್ಮ ಆತಿಥ್ಯದ ಕ್ರಮದಲ್ಲಿ ಬೆಳಗಿನ ಐದು ಕಿಲೋಮೀಟರು ಎರಡನೆಯ ದೋಸೆಗೇ ಮುಗಿಯುತ್ತದೆ. ದೇಹವೂ ಜಾಣ ಲೆಕ್ಕಿಗ. ಟಾಂಜಾನಿಯದ ಹಡ್ಜಾ ಎಂಬ ಬೇಟೆಗಾರ ಜನ ದಿನವಿಡೀ ನಡೆದರೂ, ದೇಹದ ಗಾತ್ರಕ್ಕೆ ಹೊಂದಿಸಿ ನೋಡಿದರೆ, ಕುರ್ಚಿಯ ಮೇಲೆ ಕೂತ ಪಾಶ್ಚಾತ್ಯರಷ್ಟೇ ಕ್ಯಾಲೊರಿ ವೆಚ್ಚಮಾಡುತ್ತಾರೆಂದು 2012ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಒಂದು ಕಡೆ ಹೆಚ್ಚು ಖರ್ಚಾದರೆ ದೇಹ ಇನ್ನೊಂದು ಕಡೆ ಉಳಿಸಿಕೊಳ್ಳುತ್ತದೆ. ಬೊಜ್ಜು ಇಳಿಯಬೇಕಾದರೆ ತಟ್ಟೆಯ ಸಹಕಾರ ಬೇಕೇ ಬೇಕು.

ಹಾಗಾದರೆ ಏರು ಹತ್ತುವುದು ವ್ಯರ್ಥವೆ? ಅಲ್ಲ. ತಕ್ಕಡಿ ಕಾಣದ್ದನ್ನು ದಾರ ಕಾಣುತ್ತದೆ. ಹೊಟ್ಟೆಯೊಳಗೆ ಅಂಗಾಂಗಗಳ ಸುತ್ತ ಶೇಖರವಾಗುವ ಕೊಬ್ಬೇ ಹೆಚ್ಚು ಅಪಾಯಕಾರಿ. ಉಸಿರು ಏರಿಸುವ ವ್ಯಾಯಾಮಕ್ಕೆ ಬಗ್ಗುವುದೂ ಅದೇ, ಕೆಲವೊಮ್ಮೆ ಒಟ್ಟು ತೂಕ ಅಲುಗದೆ ಇದ್ದಾಗಲೂ. ನಮ್ಮ ದೇಶದವರಿಗೆ ಮೈ ತೆಳ್ಳಗಿದ್ದೂ ಹೊಟ್ಟೆ ಮುಂದೆ ಬರುವ ದೋಷವಿದೆ. ಆದ್ದರಿಂದಲೇ ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರು ಮೀರಬಾರದೆಂದು ಗೊತ್ತುಮಾಡಿದ್ದಾರೆ. ಚೆನ್ನೈಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮಧುಮೇಹದ ಹೊಸ್ತಿಲಲ್ಲಿದ್ದವರು ನಡಿಗೆ ಹಾಗೂ ಆಹಾರದ ನಿಯಮವನ್ನು ಪಾಲಿಸಿದಾಗ, ಮೂರು ವರ್ಷಗಳಲ್ಲಿ ಆ ರೋಗಕ್ಕೆ ಜಾರುವ ಸಂಭವ ಕಾಲುಪಾಲಿಗೂ ಹೆಚ್ಚು ತಗ್ಗಿತು. ಅವರ ತೂಕದಲ್ಲಿ ಹೇಳಿಕೊಳ್ಳುವಂಥ ಇಳಿತ ಕಾಣಲಿಲ್ಲ. 2023ರ ರಾಷ್ಟ್ರೀಯ ಸಮೀಕ್ಷೆ ಈ ದೇಶದಲ್ಲಿ 10 ಕೋಟಿಗೂ ಮಿಕ್ಕಿ ಮಧುಮೇಹಿಗಳಿದ್ದಾರೆಂದು ಅಂದಾಜಿಸಿದೆ. ತಕ್ಕಡಿಯ ಮುಳ್ಳು ಅಲುಗಲಿಲ್ಲವೆಂದು ನಡಿಗೆಯನ್ನು ಕೈಬಿಡುವವನು ಬೆಳೆ ಬಂದ ಗದ್ದೆಯನ್ನು ಕೊಯ್ಯದೆ ಬಿಟ್ಟಂತೆ.

ಹಿಂದಿನವರ ನಡಿಗೆಯನ್ನು ಹೊಗಳುವಾಗ ಒಂದು ಎಚ್ಚರ ಬೇಕು. ಗೇಣಿ ಅಳೆಯುವ ಕೊಳಗದ ವಿಚಾರಕ್ಕಾಗಿ 1951ರಲ್ಲಿ ಸತ್ಯಾಗ್ರಹ ನಡೆದ ಕಾಗೋಡು ಇದೇ ಸಾಗರ ತಾಲ್ಲೂಕಿನ ಹಳ್ಳಿ. ಅಲ್ಲಿಯ ಗೇಣಿದಾರರ ಮೈಯಲ್ಲಿ ಬೊಜ್ಜಿರಲಿಲ್ಲವೆಂದರೆ ಅದಕ್ಕೆ ವ್ಯಾಯಾಮವೊಂದೇ ಕಾರಣವಾಗಿರಲಿಲ್ಲ. ಅಂದಿನ ಬಡತನಕ್ಕೆ ಹಿಂತಿರುಗಿರೆಂದು ನಾನು ಯಾರಿಗೂ ಹೇಳುತ್ತಿಲ್ಲ.

ನನ್ನ ನಿಜವಾದ ಚಿಂತೆ ಬೇರೊಂದಿದೆ. ನಾವು ಪಿಂಚಣಿದಾರರಿಗೆ ಬೆಳಗಿನ ಒಂದು ಗಂಟೆ ಕೇಳದೆಯೇ ಸಿಗುತ್ತದೆ. ಆ ಹೊತ್ತಿನಲ್ಲಿ ಮನೆಯ ಹೆಂಗಸರು ಒಲೆಯ ಮುಂದಿರುತ್ತಾರೆ. ಒರಳು, ಬೀಸುಕಲ್ಲು, ಬಾವಿಯ ಹಗ್ಗ ಅವರ ಕೈಯಿಂದ ಹೋದದ್ದು ಒಳ್ಳೆಯದೇ. ಅವು ಹೋದ ಜಾಗಕ್ಕೆ ಬಿಡುವು ಬರಲಿಲ್ಲ, ನಿಂತಲ್ಲೇ ನಿಲ್ಲುವ ಕೆಲಸ ಬಂತು. ದೇಶದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಸಾಕಷ್ಟು ಶಾರೀರಿಕ ಚಲನೆಯಿಲ್ಲ; ಅವರಲ್ಲಿ ಗಂಡಸರಿಗಿಂತ ಹೆಂಗಸರ ಪ್ರಮಾಣವೇ ಹೆಚ್ಚು. “ನಡೆಯಿರಿ” ಎಂದು ಅವರಿಗೆ ಉಪದೇಶ ಮಾಡುವ ಮೊದಲು ಎಲ್ಲಿ, ಯಾವ ಹೊತ್ತಿನಲ್ಲಿ ಎಂಬುದಕ್ಕೆ ಉತ್ತರ ಹೇಳಬೇಕು. ರಸ್ತೆಯ ಬದಿಯಲ್ಲಿ ಕಾಲಿಡಲು ಒಂದು ಗೇಣು ಜಾಗವಿಲ್ಲ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮಳೆ ಮತ್ತು ಉಂಬಳ. ಮಳೆ ಬಿಟ್ಟ ಮೇಲೆ ಕಾಡಿನ ಹಾದಿಯಾದರೂ ಇದೆಯಲ್ಲ ಎಂದರೆ, ಡಿಸೆಂಬರಿನಿಂದ ಮೇವರೆಗೆ ಅಲ್ಲಿ ಉಣ್ಣೆಗಳ ಹೆದರಿಕೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಾದ ಮಂಗನ ಕಾಯಿಲೆ 2019ರ ಹೊತ್ತಿಗೆ ನಮ್ಮ ಅರಳಗೋಡಿನ ಸುತ್ತ ಜೀವಗಳನ್ನು ತೆಗೆದದ್ದನ್ನು ನಾವು ಮರೆತಿಲ್ಲ. ಶಾಲೆಯ ಮಕ್ಕಳ ಪಾಡೂ ಇದೇ. ವ್ಯಾನು ಮನೆಬಾಗಿಲಿಗೆ ಬರುತ್ತದೆ. ಆಟದ ಗಂಟೆಯನ್ನು, ಪರೀಕ್ಷೆ ಹತ್ತಿರ ಬಂತೆಂದು, ಗಣಿತದ ಮೇಷ್ಟರು ಎರವಲು ಪಡೆಯುತ್ತಾರೆ. ಮೇಷ್ಟರುಗಳ ಕುಲದವನಾಗಿ ಹೇಳುತ್ತೇನೆ, ಆ ಎರವಲು ಹಿಂದಿರುಗಿದ್ದನ್ನು ನಾನು ಕಂಡಿಲ್ಲ.

ನಮ್ಮ ಬೀದಿಯ ನಾಲ್ವರು ಗೃಹಿಣಿಯರು ಕಳೆದ ಚಳಿಗಾಲದಿಂದ ಬೆಳಗಿನ ಐದಕ್ಕೇ ಬ್ಯಾಟರಿ ಹಿಡಿದು ಹೊರಡುತ್ತಿದ್ದಾರೆ. ಅವರ ನಡಿಗೆಯನ್ನು ನೋಡಬೇಕು. ನಮ್ಮ ಗುಂಪಿನ ಗೃಹಸ್ಥರು ಹಿಂದೆ ಬೀಳುತ್ತಾರೆ. ಏರಿನಲ್ಲಿ ಅವರು ಮಾತಾಡುವುದಿಲ್ಲ, ಇಳಿಯುವಾಗ ಮಾತಾಡುತ್ತಾರೆ. ಮಳೆ ಹಿಡಿದಾಗ ಏನು ಮಾಡುತ್ತೀರಮ್ಮ ಎಂದು ಕೇಳಿದೆ. ಹತ್ತಿರದ ಸಭಾಭವನವೊಂದರಲ್ಲಿ ಮಾಳಿಗೆಗೆ ಹೋಗುವ ಅಗಲವಾದ ಮೆಟ್ಟಿಲುಗಳಿವೆ. ಮದುವೆಯಿಲ್ಲದ ದಿನಗಳಲ್ಲಿ ಬೆಳಿಗ್ಗೆ ಒಂದು ಗಂಟೆ ಅದರ ಬಾಗಿಲು ತೆರೆದಿಟ್ಟರೆ ಹತ್ತಿ ಇಳಿಯುತ್ತೇವೆಂದು ಬರೆದುಕೊಟ್ಟಿದ್ದಾರಂತೆ. ಉತ್ತರ ಇನ್ನೂ ಬಂದಿಲ್ಲ.